ಹೊಲದ ಕಂದಾಯ, ಆಕಾಶದ ಆಯುಧ

ಬೀದರ ಜಿಲ್ಲೆಯ ಬಸವಕಲ್ಯಾಣ ತಾಲ್ಲೂಕಿಗೆ ಸೇರಿದ ಹೋಬಳಿಯಾದ ಮುಡಬಿಯ ಸುತ್ತಣ ಸೀಮೆ ತೊಗರಿ, ಜೋಳ, ಉದ್ದು, ಸೋಯಾ, ಕಬ್ಬುಗಳನ್ನು ಬೆಳೆದು ಮಳೆಯ ಮರ್ಜಿಯಲ್ಲಿ ಬದುಕುವ ಒಕ್ಕಲಿಗರ ಸೀಮೆ. ದಂಡಿನ ಪಾಳೆಯವಾಗಲಿ ಆಯುಧದ ಕಾರ್ಖಾನೆಯಾಗಲಿ ಇಲ್ಲಿಲ್ಲ. ಹೀಗಿದ್ದರೂ ಒಂದು ರಾಷ್ಟ್ರದ ಸೇನೆ ತನ್ನ ಆಯುಧಗಳನ್ನು ಹೇಗೆ ಸಂಪಾದಿಸುತ್ತದೆ, ಅವುಗಳ ಬೆಲೆಯನ್ನು ಕಟ್ಟಕಡೆಗೆ ಯಾರು ತೆರುತ್ತಾರೆ ಎಂಬ ಪ್ರಶ್ನೆಯನ್ನು ವಿಚಾರಿಸಲು ಹೊರಡುವವನಿಗೆ, ದಿಲ್ಲಿಯ ಕಚೇರಿಗಳಿಗಿಂತ ಈ ಸೀಮೆಯೇ ಹೆಚ್ಚು ತಕ್ಕ ಸ್ಥಳವೆಂದು ನನಗೆ ತೋರುತ್ತದೆ. ಆನೆ ಕುದುರೆಗಳ ಸೈನ್ಯಕ್ಕೆ, ಪರದೇಶದ ಕಂಪನಿಯ ಪಲ್ಟಣಕ್ಕೆ, ನಿಜಾಮನ ಜಾಗೀರುದಾರರ ಸವಾರರಿಗೆ, ಕಳ್ಳಸಾಗಣೆಯ ಬಂದೂಕುಗಳಿಗೆ, ಇಂದು ಬೀದರದ ವಾಯುನೆಲೆಯಿಂದ ಮೇಲೇಳುವ ತರಬೇತಿ ಜೆಟ್ಟುಗಳಿಗೆ ಇಲ್ಲಿಯ ನೆಲ ಒಂಬೈನೂರು ವರ್ಷಗಳಿಂದ ಕಂದಾಯವನ್ನು ತೆತ್ತಿದೆ. ತೆತ್ತವರು ಲೆಕ್ಕವನ್ನು ಕೇಳುವ ಅಧಿಕಾರವನ್ನು ಪಡೆದದ್ದು ಮಾತ್ರ ತೀರ ಇತ್ತೀಚೆಗೆ.

ಇಂದಿನ ಬಸವಕಲ್ಯಾಣವಾದ ಕಲ್ಯಾಣವನ್ನು ರಾಜಧಾನಿಯಾಗಿಸಿಕೊಂಡ ಚಾಲುಕ್ಯರಲ್ಲಿ ಆರನೆಯ ವಿಕ್ರಮಾದಿತ್ಯನ ಮಗನಾದ ಮೂರನೆಯ ಸೋಮೇಶ್ವರನು, ಶಸ್ತ್ರಕ್ಕಿಂತ ಶಾಸ್ತ್ರದಲ್ಲಿಯೇ ಹೆಚ್ಚಿನ ಕೀರ್ತಿಯನ್ನು ಗಳಿಸಿದ ಅರಸು. ಹನ್ನೆರಡನೆಯ ಶತಮಾನದ ಮೂರನೆಯ ದಶಕದ ಸುಮಾರಿಗೆ ಅವನು ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ವು ಐದು ವಿಂಶತಿಗಳಲ್ಲಿ ನೂರು ಅಧ್ಯಾಯಗಳಾಗಿ ಹರಡಿಕೊಂಡ ಮಹಾಗ್ರಂಥ. ಅಡುಗೆ, ಸಂಗೀತ, ಚಿತ್ರ, ಕ್ರೀಡೆಗಳ ವರ್ಣನೆಗಾಗಿ ಅದನ್ನು ಇಂದು ನೆನೆಯುವವರು ಬಹಳ. ಆದರೆ ರಾಜ್ಯವನ್ನು ಸ್ಥಿರಗೊಳಿಸುವ ಬಗೆಯನ್ನು ಹೇಳುವ ಭಾಗದಲ್ಲಿ ಅರಸನು ರಾಜ್ಯದ ಏಳು ಅಂಗಗಳನ್ನು ವಿವರಿಸುತ್ತ ಕೋಶವನ್ನೂ ಬಲವನ್ನೂ ಒಂದೇ ದೇಹದ ಅವಯವಗಳೆಂದು ಎಣಿಸಿದ್ದಾನೆ. ವಂಶಪಾರಂಪರ್ಯವಾಗಿ ಬಂದ ಮೌಲಬಲ, ವೇತನಕ್ಕೆ ದುಡಿಯುವ ಭೃತ್ಯಬಲ, ಶ್ರೇಣಿಗಳ ಬಲ, ಮಿತ್ರರ ಬಲ ಎಂದು ಸೈನ್ಯವನ್ನು ವಿಂಗಡಿಸುವವನಿಗೆ, ಒಂದೊಂದು ಬಲದ ವೆಚ್ಚವೂ ಒಂದೊಂದು ಬಗೆಯದೆಂಬ ಅರಿವು ಇದ್ದೇ ಇರಬೇಕು. ಆನೆಗಳು ಯಾವ ಯಾವ ವನಗಳಲ್ಲಿ ದೊರೆಯುತ್ತವೆ, ಅವುಗಳನ್ನು ಹಿಡಿಯುವ ವಿಧಾನಗಳಾವುವು ಎಂಬುದನ್ನೂ ಅವನು ಬರೆದಿಟ್ಟಿದ್ದಾನೆ. ಆ ಕಾಲದ ಅತಿ ಬೆಲೆಯುಳ್ಳ ಯುದ್ಧಸಾಧನ ಆನೆಯೇ ಆಗಿದ್ದುದರಿಂದ, ಅದನ್ನು ಶಸ್ತ್ರಸಂಗ್ರಹದ ಕೈಪಿಡಿಯ ಒಂದು ಪ್ರಕರಣವೆಂದು ಓದಿಕೊಂಡರೆ ತಪ್ಪಾಗಲಾರದು.

ಕೋಶವನ್ನು ಬಲಿಗೊಟ್ಟು ಬಲವನ್ನು ಕೊಳ್ಳಹೋದ ರಾಜ್ಯದ ಗತಿ ಏನಾಗುತ್ತದೆಂಬುದಕ್ಕೆ ಇದೇ ಸೀಮೆಯನ್ನು ಮುಂದೆ ಆಳಿದ ನಿಜಾಮರ ಚರಿತ್ರೆಗಿಂತ ಸ್ಪಷ್ಟವಾದ ಉದಾಹರಣೆ ಬೇಕಾಗಿಲ್ಲ. 1798ರಲ್ಲಿ ಈಸ್ಟ್ ಇಂಡಿಯಾ ಕಂಪನಿಯೊಡನೆ ಸಹಾಯಕ ಸೈನ್ಯದ ಒಪ್ಪಂದಕ್ಕೆ ಸಹಿ ಹಾಕಿದ ನಿಜಾಮನು, ಆ ಸೈನ್ಯದ ವೆಚ್ಚಕ್ಕಾಗಿ 1800ರಲ್ಲಿ, ಟೀಪು ಸುಲ್ತಾನನಿಂದ ತನ್ನ ಪಾಲಿಗೆ ಬಂದಿದ್ದ ಬಳ್ಳಾರಿ ಕಡಪಾ ಸೀಮೆಗಳನ್ನು ಶಾಶ್ವತವಾಗಿ ಕಂಪನಿಗೆ ಒಪ್ಪಿಸಿದನು. ಇಂದಿಗೂ ‘ದತ್ತ ಮಂಡಲ’ವೆಂಬ ಹೆಸರಿನಲ್ಲಿ ಆ ದಾನದ ನೆನಪು ಉಳಿದಿದೆ. ಬಳ್ಳಾರಿಯ ಕನ್ನಡಿಗನು ನಿಜಾಮನ ಪ್ರಜೆಯಾಗಿ ಮಲಗಿ ಕಂಪನಿಯ ಪ್ರಜೆಯಾಗಿ ಎದ್ದದ್ದು ಒಂದು ಸೈನ್ಯದ ಸಂಬಳದ ಬಾಬತ್ತಿಗಾಗಿ. ಅಷ್ಟಕ್ಕೇ ಮುಗಿಯಲಿಲ್ಲ: ಬ್ರಿಟಿಷ್ ಅಧಿಕಾರಿಗಳ ಕೈಕೆಳಗೆ, ನಿಜಾಮನ ಖರ್ಚಿನಲ್ಲಿ ಬೆಳೆದ ಹೈದರಾಬಾದ್ ಕಂಟಿಂಜೆಂಟ್ ಎಂಬ ಮತ್ತೊಂದು ದಂಡಿನ ಬಾಕಿ ಏರಿ ಏರಿ, 1853ರಲ್ಲಿ ವರ್ಹಾಡ ಪ್ರಾಂತವನ್ನೂ, ರಾಯಚೂರಿನ ದೋಆಬನ್ನೂ, ಕಲ್ಯಾಣಕ್ಕೆ ನೆರೆಯದಾದ ಧಾರಾಶಿವ ಸೀಮೆಯನ್ನೂ ಅಡವಿಡಬೇಕಾಯಿತು. ರಾಯಚೂರು ಧಾರಾಶಿವಗಳು 1860ರಲ್ಲಿ ಹಿಂದಿರುಗಿದುವು. ವರ್ಹಾಡವು ಹಿಂದಿರುಗಲೇ ಇಲ್ಲ, 1902ರಲ್ಲಿ ವರ್ಷಕ್ಕೆ 25 ಲಕ್ಷ ರೂಪಾಯಿಯ ಶಾಶ್ವತ ಗೇಣಿಗೆ ಹೋಯಿತು. ಸಾಲ ಮಾಡಿ ಕೊಂಡ ಆಯುಧವು ಕೊಂಡವನ ಮಾತನ್ನು ಕೇಳದೆ ಸಾಲ ಕೊಟ್ಟವನ ಮಾತನ್ನು ಕೇಳಿದ ಕಥೆ ಇದು; ಆಯುಧದ ಆಮದನ್ನು ಕುರಿತು ಇಂದು ಚಿಂತಿಸುವವರು ಇದನ್ನು ಮರೆಯಲಾಗದು.

ಒಳಗಿನ ವ್ಯವಸ್ಥೆ ಇನ್ನೊಂದು ತೆರದ್ದು. ಸವಾರರನ್ನು ಸಾಕುವ ಹೊಣೆಗೆ ಪ್ರತಿಯಾಗಿ ಊರುಗಳ ಹುಟ್ಟುವಳಿಯನ್ನು ಬಿಟ್ಟುಕೊಡುವ ಪಾಯಗಾ ಪದ್ಧತಿ ಅದು. ಹುಮನಾಬಾದಿನ ಮಗ್ಗುಲ ಚಿಟಗುಪ್ಪೆ ಪಾಯಗಾ ಸೀಮೆಯಾಗಿದ್ದಿತು. ಕಲ್ಯಾಣವು ಅಲ್ಲಿಯ ನವಾಬರ ಜಾಗೀರಾಗಿದ್ದಿತು. ದಂಡಿನ ಅಗತ್ಯ ಕಳೆದುಹೋದ ಮೇಲೆಯೂ ಊರುಗಳ ಹುಟ್ಟುವಳಿ ಮಾತ್ರ ತಲೆತಲಾಂತರಕ್ಕೆ ಅದೇ ಮನೆತನಗಳ ಪಾಲಾಗಿ ಉಳಿಯಿತು. ಸೈನ್ಯದ ಹೆಸರಿನಲ್ಲಿ ಒಮ್ಮೆ ಹಾಕಿದ ತೆರಿಗೆ ಸೈನ್ಯವು ಹೋದರೂ ಹೋಗುವುದಿಲ್ಲ. ಇನ್ನು ಕೊನೆಯ ನಿಜಾಮ ಮೀರ್ ಉಸ್ಮಾನ್ ಅಲೀ ಖಾನರ ಔದಾರ್ಯವೋ, ಅದು ಸಮುದ್ರವನ್ನೇ ದಾಟಿತು. ಮೊದಲನೆಯ ಮಹಾಯುದ್ಧದಲ್ಲಿ ಬ್ರಿಟನ್ನಿನ ವಾಯುಪಡೆಯ 110ನೆಯ ಸ್ಕ್ವಾಡ್ರನ್ನಿಗೆ ಡಿ.ಎಚ್. 9ಎ ಎಂಬ ಬಾಂಬರ್ ವಿಮಾನಗಳನ್ನು ಅವರು ದಾನ ಮಾಡಿದರು; ಒಂದೊಂದು ವಿಮಾನದ ಮೇಲೂ ಇದು ನಿಜಾಮರ ಕೊಡುಗೆಯೆಂಬ ಬರೆಹವಿದ್ದಿತು; ಆ ದಳವು ‘ಹೈದರಾಬಾದ್ ಸ್ಕ್ವಾಡ್ರನ್’ ಎಂದೇ ಹೆಸರಾಯಿತು. ಸಂಸ್ಥಾನದ ಬೊಕ್ಕಸವನ್ನು ತುಂಬಿದ ಊರುಗಳಲ್ಲಿ ಇಲ್ಲಿಯ ಊರುಗಳೂ ಇದ್ದುವೆಂಬುದನ್ನು ನೆನೆದರೆ, 1918ರಲ್ಲಿ ಜರ್ಮನಿಯ ಮೇಲೆ ಹಾರಿದ ಆ ರೆಕ್ಕೆಗಳಲ್ಲಿ ಹೈದರಾಬಾದ್ ಕರ್ನಾಟಕದ ರೈತನ ಬೆವರೂ ಇದ್ದಿತೆನ್ನಬೇಕು. ಆ ರೈತನಾದರೋ ಅಂದಿಗೆ ವಿಮಾನವನ್ನು ಕಣ್ಣಾರೆ ಕಂಡವನೇ ಅಲ್ಲ.

ಅವನು ವಿಮಾನವನ್ನು ಕಂಡದ್ದು 1948ರಲ್ಲಿ. ಸ್ವತಂತ್ರವಾಗಿ ಉಳಿಯಬೇಕೆಂಬ ಹಟದಲ್ಲಿದ್ದ ನಿಜಾಮರ ಸರಕಾರ, ಭಾರತದೊಡನೆ 1947ರ ನವೆಂಬರಿನಲ್ಲಿ ಯಥಾಸ್ಥಿತಿ ಒಪ್ಪಂದಕ್ಕೆ ಸಹಿ ಹಾಕಿದ್ದರೂ, ಒಂದು ಕಡೆ ಪಾಕಿಸ್ತಾನಕ್ಕೆ 20 ಕೋಟಿ ರೂಪಾಯಿಯ ಸಾಲಪತ್ರಗಳನ್ನು ಕೊಡಲು ಹೊರಟಿತು, ಇನ್ನೊಂದು ಕಡೆ ಸಿಡ್ನಿ ಕಾಟನ್ ಎಂಬ ಆಸ್ಟ್ರೇಲಿಯದ ಸಾಹಸಿ ವೈಮಾನಿಕನನ್ನು ಹಿಡಿದು ಕರಾಚಿಯಿಂದ ಲ್ಯಾಂಕಾಸ್ಟ್ರಿಯನ್ ವಿಮಾನಗಳಲ್ಲಿ ರಾತ್ರಿಯ ಕತ್ತಲೆಯಲ್ಲಿ ಬಂದೂಕು ಮದ್ದುಗುಂಡುಗಳನ್ನು ತರಿಸಿಕೊಂಡಿತು. ಆ ವಿಮಾನಗಳು ಇಳಿದ ನೆಲೆಗಳಲ್ಲಿ ಬೀದರವೂ ಒಂದು. ಟೆಂಡರಿಲ್ಲ, ಪರೀಕ್ಷೆಯಿಲ್ಲ, ಶಾಸನಸಭೆಯ ಮಂಜೂರಾತಿಯಿಲ್ಲ, ಲೆಕ್ಕಪರಿಶೋಧನೆಯಿಲ್ಲ; ಅರಮನೆಯ ಒಂದು ಅಂಕಿತ, ಮಧ್ಯಸ್ಥನ ಒಂದು ವಿಮಾನ. ಆಯುಧಸಂಪಾದನೆಯ ಅತ್ಯಂತ ಶೀಘ್ರವಾದ ಮಾರ್ಗ ಅದೇ ಎಂಬುದರಲ್ಲಿ ಸಂದೇಹವಿಲ್ಲ. ಆ ಕೆಲಸಕ್ಕಾಗಿ ಕಾಟನ್ನನು ಮುಂದೆ ಲಂಡನ್ನಿನ ನ್ಯಾಯಾಲಯದಲ್ಲಿ ಕೇವಲ 200 ಪೌಂಡುಗಳ ದಂಡವನ್ನು ತೆತ್ತನು. ಈ ಸೀಮೆ ತೆತ್ತದ್ದು ಅದಕ್ಕಿಂತ ಬಹಳ.

ಅದೇ ವರ್ಷದ ಮೇ ತಿಂಗಳಲ್ಲಿ ಬಸವಕಲ್ಯಾಣ ತಾಲ್ಲೂಕಿನ ಗೋರಟಾ ಗ್ರಾಮದಲ್ಲಿ ನಿಜಾಮರ ಪಕ್ಷದ ಖಾಸಗಿ ಪಡೆಯಾದ ರಜಾಕಾರರು ನಡೆಸಿದ ಹತ್ಯಾಕಾಂಡ ಇಲ್ಲಿಯ ಹಿರಿಯರ ನೆನಪಿನಿಂದ ಇನ್ನೂ ಮಾಸಿಲ್ಲ. ಸೆಪ್ಟೆಂಬರ್ 13ರಂದು ಮೇಜರ್ ಜನರಲ್ ಜೆ. ಎನ್. ಚೌಧರಿಯವರ ನೇತೃತ್ವದಲ್ಲಿ ಸೊಲ್ಲಾಪುರದಿಂದ ಹೊರಟ ಭಾರತೀಯ ಸೇನೆ ನಳದುರ್ಗವನ್ನು ಹಿಡಿದು, ಉಮರ್ಗಾದಲ್ಲಿ ಬೀಡುಬಿಟ್ಟು, ಮರುದಿನ ಇದೇ ಬಸವಕಲ್ಯಾಣ ತಾಲ್ಲೂಕಿನ ರಾಜೇಶ್ವರಕ್ಕೆ ನಡೆಯಿತು. ದಾರಿಯಲ್ಲಿ ಹೊಂಚುಹಾಕಿ ಕುಳಿತವರನ್ನು ಭಾರತೀಯ ವಾಯುಪಡೆಯ ಟೆಂಪೆಸ್ಟ್ ವಿಮಾನಗಳು ಚದುರಿಸಿದ ಮೇಲೆ ಮಧ್ಯಾಹ್ನದ ಹೊತ್ತಿಗೆ ರಾಜೇಶ್ವರವು ವಶವಾಯಿತು. 17ರ ಬೆಳಗಿಗೆ ಸೇನೆ ಬೀದರವನ್ನು ಹೊಕ್ಕಿತು. ‘ಪೊಲೀಸ್ ಕಾರ್ಯಾಚರಣೆ’ಯೆಂದು ಕರೆಯಲಾದ ಆ ದಿನಗಳ ಬೆನ್ನಿಗೇ ಇದೇ ಜಿಲ್ಲೆಗಳಲ್ಲಿ ನಿರಪರಾಧಿಗಳಾದ ಮುಸಲ್ಮಾನರ ಮೇಲೆ ನಡೆದ ಹಿಂಸೆಯನ್ನು ಸುಂದರಲಾಲ್ ಸಮಿತಿಯ ವರದಿ ದಾಖಲಿಸಿದೆ; ಸತ್ಯವನ್ನು ಹೇಳಹೊರಟವನು ಒಂದನ್ನು ಹೇಳಿ ಇನ್ನೊಂದನ್ನು ನುಂಗುವುದು ಯೋಗ್ಯವಲ್ಲ. ರಾಜೇಶ್ವರದ ಮೇಲೆ ಹಾರಿದ ಆ ಟೆಂಪೆಸ್ಟ್ ವಿಮಾನವು ಇಂಗ್ಲೆಂಡಿನ ಹಾಕರ್ ಕಂಪನಿಯ ಕೃತಿ. ಹೊಸ ಗಣರಾಜ್ಯವಾಗಲಿದ್ದ ದೇಶಕ್ಕೆ ಅಂದು ಸ್ವಂತದ್ದೆನ್ನುವ ಯುದ್ಧವಿಮಾನ ಒಂದೂ ಇರಲಿಲ್ಲ.

ನಿಜಾಮರ ಶಸ್ತ್ರವ್ಯವಹಾರದ ಕೊನೆಯ ಪುಟವು ಮುಗಿಯಲು ಎಪ್ಪತ್ತೊಂದು ವರ್ಷ ಬೇಕಾಯಿತು. 1948ರ ಸೆಪ್ಟೆಂಬರಿನಲ್ಲಿ, ಹೈದರಾಬಾದ್ ಶರಣಾದ ಆಸುಪಾಸಿನ ದಿನಗಳಲ್ಲಿ, ನಿಜಾಮ ಸರಕಾರದ ಪ್ರತಿನಿಧಿಯೊಬ್ಬರು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಬ್ಯಾಂಕಿನಲ್ಲಿದ್ದ 10 ಲಕ್ಷ ಪೌಂಡುಗಳಿಗೂ ಮಿಕ್ಕ ಹಣವನ್ನು ಅಲ್ಲಿಯ ಪಾಕಿಸ್ತಾನದ ಹೈಕಮಿಷನರ್ ರಹಿಮ್‌ತೂಲಾ ಅವರ ಹೆಸರಿಗೆ ವರ್ಗಾಯಿಸಿದರು. ನಿಜಾಮರು ಹಣವನ್ನು ಹಿಂದಕ್ಕೆ ಕೇಳಿದರು. ವ್ಯಾಜ್ಯ 1957ರಲ್ಲಿ ಹೌಸ್ ಆಫ್ ಲಾರ್ಡ್ಸ್ ಮುಟ್ಟಿ, ಸಾರ್ವಭೌಮ ರಾಷ್ಟ್ರದ ವಿನಾಯಿತಿಯ ಬಂಡೆಗೆ ತಾಗಿ ನಿಂತಿತು. ಮುಂದೆ ಮತ್ತೆ ವಿಚಾರಣೆಯಾದಾಗ, ಆ ಹಣವು ತಾನು ಪೂರೈಸಿದ ಶಸ್ತ್ರಾಸ್ತ್ರಗಳ ಬಾಬತ್ತಿನದೆಂದು ಪಾಕಿಸ್ತಾನವು ವಾದಿಸಿತು. ನ್ಯಾಯಮೂರ್ತಿ ಮಾರ್ಕಸ್ ಸ್ಮಿತ್ ಅದನ್ನು ಒಪ್ಪದೆ, 2019ರ ಅಕ್ಟೋಬರ್ 2ರಂದು, ಅಷ್ಟರಲ್ಲಿ ಬಡ್ಡಿ ಸೇರಿ ಸುಮಾರು 3.5 ಕೋಟಿ ಪೌಂಡುಗಳಾಗಿದ್ದ ಮೊತ್ತವು ಭಾರತಕ್ಕೂ ನಿಜಾಮರ ವಂಶಜರಿಗೂ ಸಲ್ಲತಕ್ಕದ್ದೆಂದು ತೀರ್ಪಿತ್ತರು. ಯಾರ ಹಣ, ಯಾವ ಉದ್ದೇಶಕ್ಕೆ, ಯಾರ ಅಪ್ಪಣೆಯಿಂದ ಹೋಯಿತು ಎಂಬ ಮೂರು ಪ್ರಶ್ನೆಗಳಿಗೆ ಕಾಗದದಲ್ಲಿ ಉತ್ತರವಿಲ್ಲದಿದ್ದರೆ ಎರಡು ತಲೆಮಾರುಗಳ ವಕೀಲರಿಗೆ ಕೆಲಸ ಸಿಗುತ್ತದೆ. ಆ ಕಂದಾಯವನ್ನು ತೆತ್ತ ಊರುಗಳ ಹೆಸರು ಮಾತ್ರ ಯಾವ ವಾದದಲ್ಲಿಯೂ ಬರಲಿಲ್ಲ.

ಸಂವಿಧಾನವು ಜಾರಿಗೆ ಬಂದುದರಿಂದ ಆದ ಬದಲಾವಣೆಯ ಹಿರಿಮೆಯನ್ನು ಈ ಹಿನ್ನೆಲೆಯಲ್ಲಿಟ್ಟು ನೋಡಬೇಕು. ಸಂಸತ್ತು ಧನವಿನಿಯೋಗದ ಕಾನೂನು ಮಾಡದೆ ಭಾರತದ ಸಂಚಿತ ನಿಧಿಯಿಂದ ಒಂದು ರೂಪಾಯಿಯೂ ಹೊರಬೀಳಲಾರದು. ಹೊರಬಿದ್ದುದರ ಲೆಕ್ಕವನ್ನು ಮಹಾಲೇಖಪಾಲರು ಪರಿಶೋಧಿಸಬೇಕು, ಅವರ ವರದಿ ರಾಷ್ಟ್ರಪತಿಗಳ ಮೂಲಕ ಸಂಸತ್ತಿನ ಮುಂದೆ ಬರಬೇಕು. ಇದರ ಜೊತೆಗೆ ಜನರು ಸ್ವಂತ ಇಚ್ಛೆಯಿಂದ ಕೊಟ್ಟದ್ದೂ ಉಂಟು; 1962ರ ಚೀನಾ ಆಕ್ರಮಣದ ವೇಳೆ ರಾಷ್ಟ್ರೀಯ ರಕ್ಷಣಾ ನಿಧಿ ಹುಟ್ಟಿದಾಗ ಹೆಂಗಸರು ಮೈಮೇಲಿನ ಒಡವೆಗಳನ್ನು ಬಿಚ್ಚಿ ಕೊಟ್ಟರು. 1965ರಲ್ಲಿ ನಿಜಾಮರು ದೇಶಕ್ಕೆ ಐದು ಟನ್ ಚಿನ್ನವನ್ನು ದಾನವಿತ್ತರೆಂಬ ಮಾತು ಈ ಭಾಗದಲ್ಲಿ ಬಹುವಾಗಿ ಚಲಾವಣೆಯಲ್ಲಿದೆ. ನಿಜವಾಗಿ ಅವರು ತೊಡಗಿಸಿದ್ದು 425 ಕಿಲೋಗ್ರಾಂ ಚಿನ್ನವನ್ನು, ಅದೂ ಶೇಕಡಾ 6.5ರ ಬಡ್ಡಿಯುಳ್ಳ ರಾಷ್ಟ್ರೀಯ ರಕ್ಷಣಾ ಸ್ವರ್ಣಪತ್ರಗಳಲ್ಲಿ. ಸಂಕಟದ ಕಾಲಕ್ಕೆ ಅದೂ ಒದಗಿದ ನೆರವೇ. ಆದರೆ ಹೂಡಿಕೆಯನ್ನು ದಾನವೆಂದು ಕೊಂಡಾಡಿದರೆ, ಬಡ್ಡಿಯ ಆಸೆಯಿಲ್ಲದೆ ತಾಳಿಸರವನ್ನೇ ಕೊಟ್ಟ ಬಡ ಹೆಂಗಸಿಗೆ ಅನ್ಯಾಯ ಮಾಡಿದಂತಾಗುತ್ತದೆ.

ಇಂದು ನಿಯತವಾದ ಕ್ರಮವೊಂದುಂಟು. ಯಾವ ಸಾಮರ್ಥ್ಯ ಬೇಕೆಂಬುದನ್ನು ಭೂಸೇನೆ, ನೌಕಾಪಡೆ, ವಾಯುಪಡೆಗಳು ತಮ್ಮ ಗುಣನಿರ್ದೇಶಗಳಲ್ಲಿ ಬರೆದುಕೊಡುತ್ತವೆ; ಕಾರ್ಗಿಲ್ ಯುದ್ಧದ ಅನುಭವದಿಂದ 2001ರಲ್ಲಿ ರೂಪುಗೊಂಡ, ರಕ್ಷಣಾ ಮಂತ್ರಿಗಳ ಅಧ್ಯಕ್ಷತೆಯ ರಕ್ಷಣಾ ಖರೀದಿ ಮಂಡಲಿ ಅದರ ಅವಶ್ಯಕತೆಯನ್ನು ಅಂಗೀಕರಿಸುತ್ತದೆ; ಬಳಿಕ ಪ್ರಸ್ತಾವಗಳಿಗೆ ಆಹ್ವಾನ, ತಾಂತ್ರಿಕ ಪರಿಶೀಲನೆ, ಮರಳುಗಾಡು ಹಿಮಪರ್ವತಗಳಲ್ಲಿ ಪರೀಕ್ಷೆ, ಬೆಲೆಯ ಮಾತುಕತೆ, ಹಣಕಾಸಿನ ಒಪ್ಪಿಗೆ, ದೊಡ್ಡ ಮೊತ್ತವಾದರೆ ಪ್ರಧಾನಿಗಳ ಅಧ್ಯಕ್ಷತೆಯ ಭದ್ರತಾ ಸಂಪುಟ ಸಮಿತಿಯ ಮುದ್ರೆ, ಅನಂತರ ಕರಾರು. ಈ ಸೋಪಾನಗಳನ್ನು ಇಲಾಖೆಯವರು ‘ಎ.ಒ.ಎನ್.’, ‘ಟ್ರಯಲ್’, ‘ಎಲ್-1’ ಎಂಬ ಕಿರುನುಡಿಗಳಲ್ಲಿ ಹೇಳುತ್ತಾರೆ. ‘ಎ.ಒ.ಎನ್.’ ಎಂದರೆ ಅವಶ್ಯಕತೆಗೆ ಮಂಡಲಿ ಕೊಡುವ ಆ ಅಂಗೀಕಾರ. ‘ಟ್ರಯಲ್’ ಆಯುಧ ತಯಾರಕನ ಸ್ವಂತ ವೆಚ್ಚದಲ್ಲಿ ನಡೆಯುವ ಪರೀಕ್ಷೆ. ಗೆದ್ದರೂ ಕೊಳ್ಳುವೆವೆಂಬ ವಚನ ಅದರಲ್ಲಿರುವುದಿಲ್ಲ. ‘ಎಲ್-1’ ಎಂದರೆ ಗುಣದಲ್ಲಿ ತೇರ್ಗಡೆಯಾದವರ ಪೈಕಿ ಅತಿ ಕಡಮೆಯ ಬೆಲೆಯನ್ನು ಹೇಳಿದವನು. ಒಂದು ಮೆಟ್ಟಿಲಲ್ಲಿ ಆಕ್ಷೇಪಣೆ ಎದ್ದರೆ ಕಡತವು ಕೆಳಗಿಳಿದು ಮತ್ತೆ ಮೊದಲಿನಿಂದ ಹತ್ತಬೇಕಾಗುತ್ತದೆ. ಅಷ್ಟರಲ್ಲಿ ತಂತ್ರಜ್ಞಾನವೇ ಹಳತಾಗುವುದೂ ಉಂಟು.

ಹಣದ ಮಾತಿಗೆ ಬಂದರೆ, 2025–26ರ ಮುಂಗಡಪತ್ರದಲ್ಲಿ ರಕ್ಷಣೆಗೆ 6,81,210 ಕೋಟಿ ರೂಪಾಯಿ ಎತ್ತಿಟ್ಟಿದ್ದರು. ಕೇಂದ್ರದ ಒಟ್ಟು ವೆಚ್ಚದಲ್ಲಿ ಅದು ನೂರಕ್ಕೆ ಹದಿಮೂರೂವರೆಯಷ್ಟು. ಅದನ್ನು ಕೇಳಿದವರು ಅಷ್ಟೂ ಹಣ ಆಯುಧಕ್ಕೆ ಹೋಗುವುದೆಂದು ಭಾವಿಸಬಾರದು. ಪಿಂಚಣಿಗೇ 1,60,795 ಕೋಟಿ. ಸಂಬಳ, ಆಹಾರ, ಇಂಧನ, ದುರಸ್ತಿಗಳಿಗೆ ಅದರ ಸುಮಾರು ಇಮ್ಮಡಿ. ಬಂಡವಾಳ ವೆಚ್ಚವೆಂದು ಉಳಿದದ್ದು 1,80,000 ಕೋಟಿ. ಆ ಉಳಿದುದರಲ್ಲಿಯೂ ದೊಡ್ಡ ಪಾಲು ಹಿಂದಿನ ವರ್ಷಗಳಲ್ಲಿ ಸಹಿ ಹಾಕಿದ ಕರಾರುಗಳ ಕಂತುಗಳಿಗೆ ಸಲ್ಲುತ್ತದೆ. ಏಕೆಂದರೆ ಯುದ್ಧವಿಮಾನದ ಬೆಲೆಯನ್ನು ಒಮ್ಮೆಲೇ ಕೊಡುವುದಿಲ್ಲ, ಮುಂಗಡವೆಂದು ಕೆಲವಷ್ಟು, ಕೆಲಸ ಸಾಗಿದಂತೆ ಹಂತಹಂತವಾಗಿ ಕೆಲವಷ್ಟು ಎಂದು ಹತ್ತಾರು ವರ್ಷ ಕೊಡುತ್ತ ಹೋಗಬೇಕು. ಮಾರ್ಚ್ 31ಕ್ಕೆ ಖರ್ಚಾಗದೆ ಉಳಿದ ಹಣ ಖಜಾನೆಗೆ ಹಿಂದಿರುಗುತ್ತದೆ. ಆಯುಧದ ಕೆಲಸಕ್ಕೆ ಹತ್ತು ವರ್ಷ, ಹಣಕ್ಕೆ ಒಂದೇ ವರ್ಷದ ಆಯುಷ್ಯ ಎಂಬ ಈ ವಿಷಮತೆಯನ್ನು ನಿವಾರಿಸಲು 15ನೆಯ ಹಣಕಾಸು ಆಯೋಗವು ವರ್ಷಾಂತ್ಯಕ್ಕೆ ಲಯವಾಗದ ಆಧುನೀಕರಣ ನಿಧಿಯೊಂದನ್ನು ಶಿಫಾರಸು ಮಾಡಿತು. ಆ ಶಿಫಾರಸಿಗೆ ಜೀವ ಬರಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ತನ್ನ ಟ್ರ್ಯಾಕ್ಟರಿಗೆ ಹಾಕಿಸುವ ಡೀಸೆಲ್ಲಿನ ಕೇಂದ್ರ ಅಬಕಾರಿ ಸುಂಕದ ರೂಪದಲ್ಲಿ ಮುಡಬಿಯ ರೈತನೂ ದೇಶದ ಸಂಚಿತ ನಿಧಿಗೆ ನೀರೆರೆಯುತ್ತಾನೆ. ಆದಾಯತೆರಿಗೆ ಕಟ್ಟದವನಿಗೆ ಕೇಳುವ ಹಕ್ಕಿಲ್ಲವೆಂಬ ಮಾತು ಅಜ್ಞಾನದ್ದು.

ಈ ಖರೀದಿಯ ಕ್ರಮದ ಗುಣದೋಷಗಳೆರಡನ್ನೂ ಒಂದೇ ಕಡೆ ಕಾಣಬಯಸುವವರು ಬೀದರದ ವಾಯುನೆಲೆಯನ್ನು ನೋಡಬೇಕು. 1963ರಿಂದ ಅದು ವೈಮಾನಿಕ ಶಿಕ್ಷಣದ ಕೇಂದ್ರ. ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟಿನಲ್ಲಿ ಡಾ. ವಿ. ಎಂ. ಘಾಟಗೆಯವರ ಮುಂದಾಳ್ತನದಲ್ಲಿ ರೂಪುಗೊಂಡು 1951ರಲ್ಲಿ ಮೊದಲು ಹಾರಿದ ಎಚ್.ಟಿ.-2, ಅದರ ಬೆನ್ನಿಗೆ 1964ರಲ್ಲಿ ಹಾರಿದ ಕಿರಣ್, ಇವು ತಲೆಮಾರುಗಳ ವೈಮಾನಿಕರನ್ನು ತಯಾರಿಸಿದುವು. ಆದರೆ ಮಂದಗತಿಯ ಕಿರಣದಿಂದ ಇಳಿದ ತರುಣನು ಗಂಟೆಗೆ 300 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ನೆಲವನ್ನು ಮುಟ್ಟುವ ಮಿಗ್-21ನ್ನು ನೇರವಾಗಿ ಏರಬೇಕಾಗಿದ್ದಿತು. ನಡುವಣ ಮೆಟ್ಟಿಲೊಂದು ಇರಲಿಲ್ಲ. ಆ ಮೆಟ್ಟಿಲು, ಎಂದರೆ ಉನ್ನತ ಜೆಟ್ ತರಬೇತಿ ವಿಮಾನ, ಬೇಕೇ ಬೇಕೆಂದು ಅಪಘಾತಗಳನ್ನು ಪರಿಶೀಲಿಸಿದ ಲಾ ಫಾಂಟೇನ್ ಸಮಿತಿ 1982ರಲ್ಲಿಯೇ ಹೇಳಿತ್ತು.

ಬೇಕೆಂದು ತಿಳಿದ ಮೇಲೆ ಕೊಳ್ಳಲು ಎಷ್ಟು ಕಾಲ ಬೇಕು? ಬ್ರಿಟನ್ನಿನ ಹಾಕ್, ಫ್ರಾನ್ಸ್ ಜರ್ಮನಿಗಳ ಆಲ್ಫಾ ಜೆಟ್ ಎಂದು ತೂಗಿ, ಬೆಲೆಯನ್ನು ಚೌಕಾಸಿ ಮಾಡಿ, ಮುಂದೂಡಿ, ಮತ್ತೆ ತೆರೆದು, ಸರಕಾರಗಳು ಬಂದು ಹೋಗಿ, ಕೊನೆಗೆ 2003ರ ಸೆಪ್ಟೆಂಬರಿನಲ್ಲಿ ಸಂಪುಟ ಸಮಿತಿ ಒಪ್ಪಿ, 2004ರ ಮಾರ್ಚಿನಲ್ಲಿ 66 ಹಾಕ್ ವಿಮಾನಗಳ ಕರಾರಿಗೆ ಸಹಿ ಬಿತ್ತು: 24 ಇಂಗ್ಲೆಂಡಿನಿಂದ ಸಿದ್ಧವಾಗಿ ಬರತಕ್ಕವು, 42 ಬೆಂಗಳೂರಿನ ಎಚ್.ಎ.ಎಲ್. ಕಟ್ಟತಕ್ಕವು. 2008ರ ಫೆಬ್ರವರಿಯಲ್ಲಿ ಬೀದರದಲ್ಲಿ ಅವು ವಿಧ್ಯುಕ್ತವಾಗಿ ವಾಯುಪಡೆಯನ್ನು ಸೇರಿದುವು. ಸಮಿತಿಯ ಮಾತಿಗೂ ಆ ದಿನಕ್ಕೂ ನಡುವೆ ಇಪ್ಪತ್ತಾರು ವರ್ಷ. ಆ ಅವಧಿಯಲ್ಲಿ ಮಿಗ್-21ರಲ್ಲಿ ಮಡಿದ ಎಳೆಯ ವೈಮಾನಿಕರ ಮರಣಗಳೆಲ್ಲವೂ ಈ ವಿಳಂಬದ ಫಲವೆನ್ನುವುದು ಅತ್ಯುಕ್ತಿಯಾದೀತು; ಯಂತ್ರದೋಷ, ಹಕ್ಕಿಗಳ ಹೊಡೆತ ಇವುಗಳಿಂದಲೂ ವಿಮಾನಗಳು ಬಿದ್ದಿವೆ. ಆದರೆ ಮಗನನ್ನು ಕಳೆದುಕೊಂಡ ತಾಯಿ, ಇದಕ್ಕೆ ನನ್ನ ಮಗನ ಪರಿಣತಿಯ ಕೊರತೆ ಕಾರಣವೋ ನಿಮ್ಮ ನಿರ್ಧಾರದ ಕೊರತೆ ಕಾರಣವೋ ಎಂದು ಕೇಳಿದರೆ, ಕಡತವನ್ನು ಹಿಡಿದು ಕುಳಿತವರು ಕೊಡಬಲ್ಲ ಉತ್ತರ ಯಾವುದು? ಲೆಕ್ಕ ಕೇಳುವುದರಿಂದಲೇ ತಡವಾಯಿತೆಂದು ಹೇಳುವವರೂ ಇದ್ದಾರೆ, ನಾನು ಒಪ್ಪುವುದಿಲ್ಲ. ಪರೀಕ್ಷೆಗೂ ಪರಿಶೋಧನೆಗೂ ನಾಲ್ಕೈದು ವರ್ಷ ಸಾಕು. ಉಳಿದ ಎರಡು ದಶಕಗಳನ್ನು ತಿಂದದ್ದು ನಿಶ್ಚಯಿಸಲಾರದ ಮನಸ್ಸು. ಅಷ್ಟು ಎಚ್ಚರಿಕೆಯಿಂದ ಮಾಡಿದ ಆ ವ್ಯವಹಾರವೂ ಆರೋಪದಿಂದ ಪಾರಾಗಲಿಲ್ಲ. ಲಂಚದ ಆಪಾದನೆಯ ಮೇಲೆ 2023ರಲ್ಲಿ ಸಿ.ಬಿ.ಐ. ಪ್ರಕರಣವನ್ನು ದಾಖಲಿಸಿತು.

ಹಾಕ್ ವಿಮಾನದ ವಂಶವೃಕ್ಷವನ್ನು ಹಿಡಿದು ಹೋದರೆ ಹಾಕರ್ ಸಿಡ್ಲೆ ಕಂಪನಿಗೂ ಅಲ್ಲಿಂದ ಹಿಂದಿನ ಹಾಕರ್ ಕಂಪನಿಗೂ ಮುಟ್ಟುತ್ತೇವೆ. ರಾಜೇಶ್ವರದ ಮೇಲೆ ಹಾರಿದ ಟೆಂಪೆಸ್ಟನ್ನು ಕಟ್ಟಿದ್ದು ಅದೇ ಮನೆತನ. ಅರುವತ್ತು ವರ್ಷಗಳ ಬಳಿಕವೂ ಬೀದರದ ಆಕಾಶಕ್ಕೆ ಅದೇ ಅಂಗಡಿಯ ಸರಕು ಬಂದುದನ್ನು ನೆನೆದರೆ ಮನಸ್ಸಿಗೆ ನೋವಾಗುತ್ತದೆ. ಆ 42 ವಿಮಾನಗಳು ಬೆಂಗಳೂರಿನಲ್ಲಿ ಕನ್ನಡದ ಕೈಗಳಿಂದ ಜೋಡಣೆಯಾದುವೆಂಬುದು, 2010ರಲ್ಲಿ ಇನ್ನೂ 57ಕ್ಕೆ ಎಚ್.ಎ.ಎಲ್.ಗೆ ಬೇಡಿಕೆ ಬಂದುದು ಒಂದು ಸಮಾಧಾನ. ಈಗ ಎಚ್.ಎ.ಎಲ್. ತಾನೇ ವಿನ್ಯಾಸಗೊಳಿಸಿದ ಎಚ್.ಟಿ.ಟಿ.-40 ಎಂಬ ಮೂಲಶಿಕ್ಷಣದ ವಿಮಾನಗಳನ್ನು, ಸುಮಾರು 6,800 ಕೋಟಿ ರೂಪಾಯಿಗೆ 70 ಎಂದು, 2023ರ ಕರಾರಿನ ಪ್ರಕಾರ ಕಟ್ಟುತ್ತಿದೆ. ತೇಜಸ್ ಮಾರ್ಕ್-1ಎ ಯುದ್ಧವಿಮಾನಗಳಿಗೆ 2021ರಲ್ಲಿ 83, 2025ರ ಸೆಪ್ಟೆಂಬರಿನಲ್ಲಿ 62,370 ಕೋಟಿ ರೂಪಾಯಿಗೆ ಇನ್ನೂ 97 ಎಂದು ಬೇಡಿಕೆಯಾಗಿದೆ. ಎರಡನೆಯ ಕರಾರಿಗೆ ಸಹಿ ಬಿದ್ದ ಮರುದಿನವೇ ಚಂಡೀಗಢದಲ್ಲಿ ಮಿಗ್-21 ನಿವೃತ್ತವಾಯಿತು. ಆದರೆ ತೇಜಸ್ಸಿನ ಎಂಜಿನು ಅಮೆರಿಕದ ಜನರಲ್ ಎಲೆಕ್ಟ್ರಿಕ್ಕಿನದು, ಎಚ್.ಟಿ.ಟಿ.-40ರದು ಅಮೆರಿಕದ ಹನಿವೆಲ್ಲಿನದು. ಅಲ್ಲಿಂದ ಎಂಜಿನು ಬರುವುದು ತಡವಾದಾಗ ಬೆಂಗಳೂರಿನಲ್ಲಿ ವಿಮಾನದ ದೇಹವು ಸಿದ್ಧವಾಗಿ ಕಾಯುತ್ತ ನಿಂತಿತು. ನಿಜಾಮನು ಕಂಪನಿಯ ಪಲ್ಟಣಕ್ಕೆ ಬಳ್ಳಾರಿಯನ್ನು ಕೊಟ್ಟ ಕಾಲದಷ್ಟು ಪರಾಧೀನತೆ ಈಗಿಲ್ಲ, ನಿಜ. ಆದರೂ ಎಂಜಿನನ್ನು ಸ್ವಂತವಾಗಿ ಕಟ್ಟಬಲ್ಲ ವಿದ್ಯೆಗೆ ಹಣವನ್ನೂ ತಾಳ್ಮೆಯನ್ನೂ ಹೂಡದ ಹೊರತು ಸ್ವಾವಲಂಬನೆಯ ಮಾತಿಗೆ ಪೂರ್ಣವಾದ ಅರ್ಥ ಬರಲಾರದು.

ಇಷ್ಟೆಲ್ಲ ವಿಚಾರಿಸಿದ ಮೇಲೆ ನಾನು ಬೇಡುವುದು ಒಂದು ಸಣ್ಣ ಸಂಗತಿಯನ್ನು. ರಕ್ಷಣಾ ಖರೀದಿಯ ವಿಧಿವಿಧಾನಗಳೂ, ಮಹಾಲೇಖಪಾಲರು ಕೇಂದ್ರದ ರಕ್ಷಣಾವೆಚ್ಚವನ್ನು ಕುರಿತು ಸಿದ್ಧಪಡಿಸುವ ವರದಿಗಳೂ ಇಂಗ್ಲಿಷಿನಲ್ಲಿ, ಹಿಂದಿಯಲ್ಲಿ ಅಚ್ಚಾಗುತ್ತವೆ. ಎಚ್.ಎ.ಎಲ್., ಬಿ.ಇ.ಎಲ್., ಬಿ.ಇ.ಎಂ.ಎಲ್., ಬೀದರದ ವಾಯುನೆಲೆ, ಚಳ್ಳಕೆರೆಯ ಪರೀಕ್ಷಾ ಕ್ಷೇತ್ರ, ಗುಬ್ಬಿಯ ಹೆಲಿಕಾಪ್ಟರ್ ಕಾರ್ಖಾನೆಗಳನ್ನು ತನ್ನ ನೆಲದಲ್ಲಿ ಹೊತ್ತ ನಾಡಿನ ಭಾಷೆಯಲ್ಲಿ ಅವುಗಳ ಸಾರಾಂಶವಾದರೂ ಪ್ರತಿವರ್ಷ ಪ್ರಕಟವಾಗಿ, ಬಸವಕಲ್ಯಾಣ ಹುಮನಾಬಾದುಗಳ ಸಾರ್ವಜನಿಕ ಗ್ರಂಥಾಲಯಗಳಿಗೂ ಮುಡಬಿಯ ಪಂಚಾಯಿತಿಗೂ ಬರುವಂತಾಗಬೇಕು. ಅದಕ್ಕೆ ತಗಲುವ ವೆಚ್ಚ ಹಾಕ್ ವಿಮಾನದ ಒಂದು ಚಕ್ರದ ಬೆಲೆಯನ್ನೂ ಮುಟ್ಟಲಾರದು, ಮತ್ತು ಅದಕ್ಕೆ ಸಂಪುಟ ಸಮಿತಿಯ ಒಪ್ಪಿಗೆಯೂ ಬೇಕಾಗಿಲ್ಲ.